ಇಪ್ಪತ್ತು ಮನೆಗೆ ಒಬ್ಬರು

ನಿಮ್ಮ ಜಮಾಅತ್‌ನ ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಮಂದಿ ಮಹಿಳೆಯರಿದ್ದಾರೆ? ಹೆಚ್ಚಿನ ಕಡೆ ‘ಯಾರೂ ಇಲ್ಲ’ ಎಂಬುದೇ ಉತ್ತರ. ಜುಮಾ ನಮಾಝಿನ ನಂತರ ಖತೀಬರು ಡೆಂಗಿ ಜ್ವರದ ಬಗ್ಗೆ ಎರಡು ಮಾತು ಹೇಳಿದರೂ ಅದು ಗಂಡಸರ ಕಿವಿಗಷ್ಟೇ ಬೀಳುತ್ತದೆ. ಅವರಲ್ಲಿ ಅರ್ಧ ಮಂದಿ ಮಸೀದಿಯ ಗೇಟು ದಾಟುವಷ್ಟರಲ್ಲಿ ಮರೆತಿರುತ್ತಾರೆ. ಮನೆಯಲ್ಲಿ ನೀರು ತುಂಬಿಸಿಡುವವರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರು, ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಆ ಮಾತನ್ನು ಕೇಳಿಯೇ ಇರುವುದಿಲ್ಲ. ಮಾಹಿತಿ ಕೊಟ್ಟಾಯಿತು ಎಂದು ನಾವು ಮಾತ್ರ ಸಮಾಧಾನ ಪಡುತ್ತೇವೆ.

ನಮ್ಮ ಊರುಗಳು ಇರುವ ರೀತಿಯೂ ಇದಕ್ಕೆ ಕಾರಣ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ. ಒಂದು ಡಂಗುರ ಹೊಡೆದರೆ ಊರಿಗೆಲ್ಲ ಕೇಳಿಸುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಹಾಗಿಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಅಡಿಕೆ ತೋಟದ ಕೆಳಗೆ, ನಡುವೆ ತೋಡು, ತೋಡಿಗೊಂದು ಸಂಕ. ಸಾವಿರ ಜನಸಂಖ್ಯೆಗೆ ಒಬ್ಬರು ಆಶಾ ಕಾರ್ಯಕರ್ತೆ ಎಂಬುದು ಸರಕಾರದ ಲೆಕ್ಕ. ಸಾವಿರ ಜನ ಎಂದರೆ ಸುಮಾರು ಇನ್ನೂರು ಮನೆ. ಆಟಿಯ ಮಳೆಯಲ್ಲಿ ಅಷ್ಟು ಮನೆಗಳ ಮೆಟ್ಟಿಲು ಹತ್ತಿಳಿಯಲು ಒಬ್ಬ ಹೆಣ್ಣುಮಗಳಿಂದ ಸಾಧ್ಯವೇ?

ಆದುದರಿಂದ ನನ್ನ ಸಲಹೆ ಇಷ್ಟು: ಪ್ರತಿ ನೆರೆಕರೆಯಲ್ಲಿ ಇಪ್ಪತ್ತು ಮನೆಗೆ ಒಬ್ಬರಂತೆ ಸ್ವಯಂಸೇವಕರಿರಲಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರಾಗಿರಲಿ. ಇಪ್ಪತ್ತು ಮನೆ ಎಂದರೆ ಸಾಲಾಗಿ ಇಪ್ಪತ್ತು ಮನೆ. ನಡುವೆ ಬರುವ ಪೂಜಾರಿಯವರ ಮನೆ, ಡಿಸೋಜರ ಮನೆ ಬಿಟ್ಟು ಎಣಿಸಬಾರದು. ನಮ್ಮ ತೋಟದಲ್ಲಿ ಹುಟ್ಟಿದ ಸೊಳ್ಳೆ ಅವರ ಮನೆಗೂ ಹೋಗುತ್ತದೆ.

ನಮ್ಮ ಯುವಕರಲ್ಲಿ ಸೇವಾ ಮನೋಭಾವಕ್ಕೆ ಬರವಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆಯಿಂದ ನೆರೆ ನುಗ್ಗಿದಾಗ ಬೆಳ್ತಂಗಡಿ ತಾಲೂಕಿನ ಮನೆ ಮನೆಗಳಿಂದ ಕೆಸರು ತೆಗೆದವರಲ್ಲಿ ಎಲ್ಲ ಧರ್ಮದ ಹುಡುಗರೂ ಇದ್ದರು. ರಕ್ತ ಬೇಕೆಂದರೆ ರಾತ್ರಿ ಎರಡು ಗಂಟೆಗೂ ಎದ್ದು ಬರುತ್ತಾರೆ. ಆದರೆ ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೀರಾ ಎಂದು ಕೇಳಲು ಬರುವವರು ಕಡಿಮೆ. ಅದರಲ್ಲಿ ಫೋಟೋಗೆ ಸಿಗುವಂಥದ್ದು ಏನೂ ಇಲ್ಲವಲ್ಲ!

ಸ್ವಯಂಸೇವಕರು ತಿಂಗಳಿಗೆ ಒಂದೇ ವಿಷಯ ಹಿಡಿದು ಹೋಗಲಿ. ಮಳೆಗಾಲದ ಆರಂಭದಲ್ಲಿ ಅದು ಡೆಂಗಿಯೇ ಆಗಿರಬೇಕು. ಚರಂಡಿಗೆ ಮದ್ದು ಬಿಡಲಿಲ್ಲವೆಂದು ನಾವು ಪಂಚಾಯತನ್ನು ದೂರುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ತಿಳಿನೀರಿನಲ್ಲಿ: ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಕಪ್ಪು, ತೆಂಗಿನ ಗೆರಟೆ, ಟರ್ಪಾಲಿನ ಮಡಿಕೆ, ಹಳೆಯ ಟಯರು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಇವನ್ನೆಲ್ಲ ಕವುಚಿ ಹಾಕಬೇಕು. ಇದನ್ನು ಭಾಷಣದಲ್ಲಿ ಹೇಳುವುದಕ್ಕಿಂತ, ಮನೆಯವರ ಜೊತೆ ತೋಟಕ್ಕಿಳಿದು ಹಾಳೆಯ ನೀರಿನಲ್ಲಿ ಕುಣಿಯುವ ಹುಳಗಳನ್ನು ತೋರಿಸಿದರೆ ಬೇಗ ಅರ್ಥವಾಗುತ್ತದೆ.

ಜ್ವರ ಬಂದ ಮನೆಗೆ ಹೇಳಬೇಕಾದ ಮಾತು ಬೇರೆ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್‌ನಂತಹ ಮಾತ್ರೆ ನುಂಗಬಾರದು, ರಕ್ತಸ್ರಾವದ ಅಪಾಯವಿದೆ. ಮೂರನೆಯ ದಿನದಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಪಪ್ಪಾಯಿ ಎಲೆಯ ರಸದ ಬಗ್ಗೆ ಯುನಾನಿ ವೈದ್ಯನಾದ ನನ್ನನ್ನು ಅನೇಕರು ಕೇಳುತ್ತಾರೆ. ಆ ರಸ ನಂಬಿ ಆಸ್ಪತ್ರೆಗೆ ಹೋಗದೆ ಕುಳಿತುಕೊಳ್ಳಬೇಡಿ ಎಂದೇ ನನ್ನ ಉತ್ತರ. ಇಲಿ ಜ್ವರದ ವಿಷಯವೂ ಇದೇ. ಬರಿಗಾಲಲ್ಲಿ ಗದ್ದೆ, ತೋಟಕ್ಕಿಳಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಅಥವಾ ಹಳದಿಯಾದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು.

ಗಾಳಿಸುದ್ದಿ ಇನ್ನೊಂದು ರೋಗ. 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ, ಅದರಿಂದ ಮಕ್ಕಳಾಗುವುದಿಲ್ಲ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. 2020ರ ಆರಂಭದಲ್ಲಿ ಪೌರತ್ವದ ಪಟ್ಟಿಯ ಭಯವಿತ್ತು. ಪುಸ್ತಕ ಹಿಡಿದು ಹೆಸರು ಬರೆಯಲು ಬಂದವರನ್ನೆಲ್ಲ ಜನ ಸಂಶಯದಿಂದ ನೋಡಿದರು. ಆ ಭಯಕ್ಕೆ ಕಾರಣವಿತ್ತು, ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ಮುಚ್ಚಿದ್ದರಿಂದ ನಷ್ಟವಾದದ್ದು ನಮಗೇ. ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿಯ ಬಗ್ಗೆ ಇದೇ ಸಂಶಯ ಹಬ್ಬಿದಾಗ, ಅದನ್ನು ತಗ್ಗಿಸಿದ್ದು ಅದೇ ಬೀದಿಯ ಹೆಂಗಸರು ಮತ್ತು ಮಸೀದಿಯ ಇಮಾಮರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಪ್ರಕರಣ ಬಂದಿಲ್ಲ. ತಂದ ಸುದ್ದಿಯನ್ನು ಪರಿಶೀಲಿಸಿ ನೋಡಿ ಎಂಬ ಅಲ್ ಹುಜುರಾತ್ ಅಧ್ಯಾಯದ ಆಜ್ಞೆ ಫಾರ್ವರ್ಡ್ ಮೆಸೇಜಿಗೂ ಅನ್ವಯಿಸುತ್ತದೆ.

ಸುದ್ದಿ ಮೇಲಿಂದ ಕೆಳಕ್ಕೆ ಮಾತ್ರ ಬಂದರೆ ಸಾಲದು, ಮನೆಯಿಂದ ಆರೋಗ್ಯ ಕೇಂದ್ರಕ್ಕೂ ಹೋಗಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನಲ್ಲಿ ಜೀವಗಳನ್ನು ತೆಗೆದದ್ದು ಹಿರಿಯರಿಗೆ ನೆನಪಿರಬಹುದು. ಕಾಡಿನಲ್ಲಿ ಸತ್ತ ಮಂಗ ಆ ಕಾಯಿಲೆಯ ಮೊದಲ ಸೂಚನೆ. ಅದನ್ನು ನೋಡುವವರು ಸೌದೆಗೆ ಹೋದವರೇ ಹೊರತು ವೈದ್ಯಾಧಿಕಾರಿಯಲ್ಲ. ಒಂದೇ ವಾರ ಮೂರು ಮನೆಯಲ್ಲಿ ಜ್ವರವಿದ್ದರೆ ಅದೂ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಯಬೇಕು.

ಒಂದು ಕಟ್ಟುನಿಟ್ಟು ಬೇಕು. ಯಾರ ಮನೆಯಲ್ಲಿ ಯಾವ ಕಾಯಿಲೆ ಎಂಬುದು ಗ್ರೂಪಿಗೆ ಹೋಗಬಾರದು. ಕ್ಷಯದ ಮಾತು ಹೊರಬಿದ್ದರೆ ಆ ಮನೆಯ ಹುಡುಗಿಯ ಸಂಬಂಧ ತಪ್ಪುತ್ತದೆ. ಮುಂದಿನ ಬಾರಿ ಎರಡು ವಾರ ಕೆಮ್ಮಿದರೂ ಯಾರೂ ಕಫ ಪರೀಕ್ಷೆಗೆ ಬರುವುದಿಲ್ಲ. ಬಾಯಿ ಬಿಗಿ ಹಿಡಿಯಲಾರದವರು ಎಷ್ಟೇ ಉತ್ಸಾಹಿಗಳಾಗಿದ್ದರೂ ಈ ಕೆಲಸಕ್ಕೆ ಬೇಡ.

ಆರಂಭಕ್ಕೆ ದೊಡ್ಡ ಖರ್ಚಿಲ್ಲ. ಜಮಾಅತ್ ಕಮಿಟಿಯವರು ಮುಂದಿನ ಸಭೆಗೆ ಆಶಾ ಕಾರ್ಯಕರ್ತೆಯನ್ನೂ ಪಂಚಾಯತ್ ಸದಸ್ಯರನ್ನೂ ಕರೆಯಲಿ, ಮನೆಗಳನ್ನು ಹಂಚಿಕೊಳ್ಳಲಿ. ಸ್ವಯಂಸೇವಕರ ಹೆಸರನ್ನು ಗ್ರಾಮ ಪಂಚಾಯತ್‌ನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಗೆ ಕೊಡಲಿ. ಮಹಿಳೆಯರನ್ನು ಸೇರಿಸಲು ಬೇರೆ ಸಭೆ ಕರೆಯುವ ಅಗತ್ಯವಿಲ್ಲ. ಬೀಡಿ ಕೊಡಲು ಬ್ರಾಂಚಿಗೆ ಬಂದು ಸರದಿ ಕಾಯುವ ಅರ್ಧ ಗಂಟೆಯೇ ಸಾಕು. ಊರಿನ ಅಷ್ಟೂ ಮನೆಯ ಸುದ್ದಿ ಈಗಲೂ ಹರಿದಾಡುವುದು ಅಲ್ಲೇ ಅಲ್ಲವೇ?