ಭರತದ ಹೊತ್ತು ನೋಡಿ ಹೊರಡೋಣ

ಕಳೆದ ವರ್ಷ ನಮ್ಮ ಸಂಘದ ಕುಟುಂಬಗಳು ಸಿಂಗಪುರದ ವಾಯವ್ಯ ಮೂಲೆಯ ಸುಂಗೈ ಬುಲೋ ಜೌಗು ಪ್ರದೇಶಕ್ಕೆ ಹೋಗಿಬಂದದ್ದು ಸದಸ್ಯ ಬಂಧುಗಳಿಗೆ ನೆನಪಿರಬಹುದು. "ಕಾರ್ಯಕ್ರಮ ಯಶಸ್ವಿಯಾಯಿತು" ಎಂದು ಇದೇ ಪತ್ರಿಕೆಯಲ್ಲಿ ವರದಿ ಬರೆದವರು ನಾವೇ. ಇಡ್ಲಿ, ಪುಳಿಯೋಗರೆ, ಬಸ್ಸಿನೊಳಗಿನ ಅಂತ್ಯಾಕ್ಷರಿ ಯಶಸ್ವಿಯಾದದ್ದು ನಿಜ. ಆದರೆ ನೋಡಲು ಹೋದದ್ದನ್ನು ನಾವು ನೋಡಲೇ ಇಲ್ಲ. ವ್ಯವಸ್ಥೆ ನಮ್ಮದೇ ಆಗಿದ್ದುದರಿಂದ ತಪ್ಪೂ ನಮ್ಮದೇ ಎಂದು ಈಗಲಾದರೂ ಒಪ್ಪಿಕೊಳ್ಳುವುದು ಒಳ್ಳೆಯದು.

ಎಂಟು ಗಂಟೆಗೆ ಹೊರಡಬೇಕಾಗಿದ್ದ ಬಸ್ಸು ತಿಂಡಿಯ ಡಬ್ಬಿಗಳಿಗಾಗಿ ಕಾದು ಒಂಬತ್ತೂವರೆಗೆ ಹೊರಟಿತು. ತಲುಪುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಕೊಳಗಳು ಬರಿದಾಗಿದ್ದವು, ಎರಡು ಬೆಳ್ಳಕ್ಕಿ, ಒಂದು ಉಡ, ಅಷ್ಟೆ. "ಹಕ್ಕಿ ಎಲ್ಲಿ?" ಎಂದು ಮಕ್ಕಳು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಗೊತ್ತಿದ್ದವರು ಒಬ್ಬರಿದ್ದರು. ಮಗಳ ಮನೆಗೆಂದು ಕುಮಟಾ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ತಾಯಿ. ಮಂಡಿನೋವೆಂದು ಅವರನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ ನಾವೆಲ್ಲ ಮುಂದೆ ಹೋಗಿದ್ದೆವು. ಹಿಂತಿರುಗಿ ಬಂದಾಗ ಅವರು ಹೇಳಿದ್ದು ಇಷ್ಟೇ: "ನೀರು ಇಳಿದಿದೆಯಲ್ಲ, ಹಕ್ಕಿ ಇಲ್ಲಿ ಯಾಕೆ ಕೂತಿರ್ತದೆ? ಮೇಯಲಿಕ್ಕೆ ಹೊರಗಿನ ಕೆಸರಿಗೆ ಹೋಗಿರ್ತದೆ."

ಅವರ ಮಾತು ಅಕ್ಷರಶಃ ಸರಿ. ಸುಂಗೈ ಬುಲೋ ಮೊದಲು ಸಿಗಡಿ ಸಾಕುವ ಕೊಳಗಳ ಜಾಗ. ಭರತದ ನೀರಿನೊಂದಿಗೆ ಸಿಗಡಿ ಮರಿಗಳನ್ನು ಒಳಗೆ ಬಿಟ್ಟುಕೊಂಡು, ತೂಬಿನ ಬಾಗಿಲು ಹಾಕಿ ಬೆಳೆಸಿ, ಇಳಿತದಲ್ಲಿ ಬಲೆಯೊಡ್ಡಿ ಹಿಡಿಯುವ ಪದ್ಧತಿ. 1986ರಲ್ಲಿ ಹಕ್ಕಿ ವೀಕ್ಷಕರು ಇಲ್ಲಿ ವಲಸೆ ಹಕ್ಕಿಗಳ ದಂಡನ್ನು ಕಂಡು, ಈ ಜಾಗ ಉಳಿಯಬೇಕೆಂದು ಸರ್ಕಾರಕ್ಕೆ ಬರೆದರು. 1993ರಲ್ಲಿ ಉದ್ಯಾನವಾಗಿ ತೆರೆಯಿತು. 2002ರಲ್ಲಿ ಸುಮಾರು 130 ಹೆಕ್ಟೇರ್ ಪ್ರದೇಶ ರಕ್ಷಿತ ತಾಣವಾಯಿತು. ಇಂದಿಗೂ ಅದೇ ತೂಬಿನ ಉಪಾಯದಿಂದ ಕೊಳಗಳ ನೀರನ್ನು ಹದದಲ್ಲಿಡುತ್ತಾರೆ. ಭರತ ಬಂದು ಹೊರಗಿನ ಕೆಸರು ಬಯಲು ಮುಳುಗಿದಾಗ ಹಕ್ಕಿಗಳು ವಿಶ್ರಾಂತಿಗೆ ಈ ಕೊಳಗಳಿಗೆ ಬರುತ್ತವೆ. ನೀರು ಇಳಿದಾಗ ಮೇಯಲು ಮತ್ತೆ ಹೊರಗೆ ಹೋಗುತ್ತವೆ.

ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಇದರಲ್ಲಿ ಹೊಸದೇನಿದೆ? ಅಲ್ಲಿಯೂ ಕಟ್ಟೆ, ತೂಬು, ಭರತ-ಇಳಿತದ ಲೆಕ್ಕ. ಮಳೆಗಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಅದಾದ ಮೇಲೆ ಶೆಟ್ಲಿ. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೆ ಪರಿಚಯವಾಯಿತು. ಆ ಮಣ್ಣಿನಲ್ಲಿ ಬಾಳಿದವರನ್ನು ನಾವು ಬೆಂಚಿನ ಮೇಲೆ ಕೂರಿಸಿ, ಕೈಯಲ್ಲಿ ನಕಾಶೆ ಹಿಡಿದು ಹೊರಟೆವು!

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಈ ಬಾರಿಯೂ ಹೋಗೋಣ. ಆದರೆ ದಿನವನ್ನು ನಮ್ಮ ಅನುಕೂಲ ನೋಡಿ ಗೊತ್ತುಮಾಡುವುದು ಬೇಡ, ನೀರನ್ನು ನೋಡಿ ಮಾಡೋಣ. ನಡಿಗೆಯ ವೇಗವನ್ನು ಎಲ್ಲರಿಗಿಂತ ನಿಧಾನ ನಡೆಯುವವರು ನಿರ್ಧರಿಸಲಿ.

ವಲಸೆ ಹಕ್ಕಿಗಳು ಇಲ್ಲಿರುವುದು ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ. ಡಿಸೆಂಬರಿನಲ್ಲಿ ಮಳೆ ಹೆಚ್ಚು, ಫೆಬ್ರವರಿಯಲ್ಲಿ ಕಡಿಮೆ, ಫೆಬ್ರವರಿಯೇ ಮೇಲು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಎಂದರೆ ಈ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಭರತವಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿತ. ಪಟ್ಟಿ ನೋಡದೆ ಭಾನುವಾರ ಗೊತ್ತುಮಾಡುವುದು ಲಾಟರಿ ಟಿಕೀಟು ಕೊಂಡ ಹಾಗೆ. ಕಳೆದ ವರ್ಷ ನಾವು ಮಾಡಿದ್ದು ಅದನ್ನೇ.

ವಲಸೆ ಹಕ್ಕಿಗಳ ದಾರಿ ಸುಮಾರು 2 ಕಿಲೋಮೀಟರು, ಸಮತಟ್ಟು. ನಡುನಡುವೆ ಮರೆಯಲ್ಲಿ ಕುಳಿತು ನೋಡಲು ಮಾಡುಗಳಿವೆ. ಇದನ್ನು ಎರಡು ಗಂಟೆಯಲ್ಲಿ ಕುಳಿತೆದ್ದು ಮುಗಿಸಿದರೆ ಅಜ್ಜಿಗೂ ಆದೀತು, ಮೊಮ್ಮಗುವಿಗೂ ಆದೀತು. ಪೂರ್ತಿ ನಡೆಯಲಾಗದವರು ಮೊದಲ ಮಾಡಿನವರೆಗೆ ಬಂದರೂ ಸಾಕು; ಭರತದ ಹೊತ್ತಾದರೆ ಹಕ್ಕಿಯೇ ಕಣ್ಣೆದುರಿಗೆ ಬಂದೀತು. ಹತ್ತು-ಹನ್ನೆರಡು ಜನರ ತಂಡಗಳಾಗಿ, ಪಿಸುಮಾತಿನಲ್ಲಿ ಹೋಗಬೇಕು. ಅಂತ್ಯಾಕ್ಷರಿ ಬಸ್ಸಿನೊಳಗೇ ಮುಗಿಯಲಿ. ಮೊಸಳೆಗಳಿರುವ ಜಾಗವಾದ್ದರಿಂದ ಮಕ್ಕಳು ದಾರಿ ಬಿಟ್ಟು ಇಳಿಯಬಾರದು.

ಇನ್ನು ತಿಂಡಿಯ ಪ್ರಶ್ನೆ. ತಿಂಡಿಯಿಲ್ಲದ ಕಾರ್ಯಕ್ರಮಕ್ಕೆ ಜನ ಬರುವುದಿಲ್ಲವೆಂದು ಸಮಿತಿಯಲ್ಲಿ ಕೆಲವರ ವಾದ. ನಾವೂ ತಿಂಡಿಯ ವಿರೋಧಿಗಳಲ್ಲ. ಆದರೆ ದಾರಿಯಲ್ಲಿ ಡಬ್ಬಿ ಬಿಚ್ಚಿದರೆ ಮಂಗಗಳು ಬಿಡುವುದಿಲ್ಲ, ಮಂಗಕ್ಕೆ ತಿನ್ನಲು ಕೊಟ್ಟರೆ ಕಾನೂನು ಬಿಡುವುದಿಲ್ಲ. 2020ರಿಂದ ಮೊದಲ ತಪ್ಪಿಗೇ 5,000 ಡಾಲರಿನವರೆಗೆ ದಂಡವಿದೆ. ತಿಂಡಿ ನಡಿಗೆಯಾದ ಮೇಲೆ, ಬೇರೆ ಜಾಗದಲ್ಲಿ ಆಗಲಿ. ಹಸಿವೂ ಚೆನ್ನಾಗಿ ಆಗಿರುತ್ತದೆ.

"ಕನ್ನಡ ಸಂಘಕ್ಕೂ ಹಕ್ಕಿಗೂ ಏನು ಸಂಬಂಧ?" ಎಂದೂ ಕೇಳಿದವರಿದ್ದಾರೆ. ಅಳಿವೆ, ಭರತ, ಕಾಂಡ್ಲಾ, ತೂಬು, ಉಡ, ಮಿಂಚುಳ್ಳಿ ಈ ಮಾತುಗಳನ್ನು ನಮ್ಮ ಮಕ್ಕಳು ಭಾನುವಾರದ ಕನ್ನಡ ತರಗತಿಯಲ್ಲಿ ಕಲಿಯಲಾರರು. ನಮಗೇ ಅರ್ಧ ಮರೆತಿವೆ. ಕಣ್ಣೆದುರು ವಸ್ತುವಿದ್ದು, ಹೆಸರು ಹೇಳುವ ಅಜ್ಜಿ ಪಕ್ಕದಲ್ಲಿದ್ದರೆ ಮಗು ಒಂದೇ ಸಲಕ್ಕೆ ಕಲಿಯುತ್ತದೆ. ಮಕ್ಕಳ ಮನೆಗೆಂದು ಬಂದು, ಹದಿನೈದನೆಯ ಅಂತಸ್ತಿನ ಕಿಟಕಿಯಿಂದ ರಸ್ತೆ ನೋಡುತ್ತ ದಿನ ಕಳೆಯುವ ನಮ್ಮ ತಂದೆ-ತಾಯಂದಿರಿಗೂ ತಾವು ಯಾರಿಗೋ ಬೇಕಾದವರು ಅನ್ನಿಸುತ್ತದೆ.

ಆ ಕುಮಟೆಯ ತಾಯಿ ವೀಸಾ ಅವಧಿ ಮುಗಿದು ಊರಿಗೆ ಹಿಂತಿರುಗಿದರು. ಅವರನ್ನು ಕೇಳಿ ದಿನ ಗೊತ್ತುಮಾಡುವ ಭಾಗ್ಯ ನಮಗೆ ತಪ್ಪಿತು. ಫೆಬ್ರವರಿಯ ಹೊತ್ತಿಗೆ ಯಾರ ಮನೆಗೆ ಕರಾವಳಿಯ ಹಿರಿಯರು ಬರುವವರಿದ್ದಾರೋ ಅಂಥವರು ದಯವಿಟ್ಟು ಈಗಲೇ ಸಮಿತಿಗೆ ತಿಳಿಸಬೇಕು. ಪಟ್ಟಿ ಹಿಡಿದು ನಾವು ಅವರ ಹಿಂದೆ ನಡೆಯಲು ಸಿದ್ಧರಿದ್ದೇವೆ.