ಬಾಗಿಲು ಯಾರ ಅಧೀನ?

ಯಂತ್ರವನ್ನು ಕಂಡಲ್ಲೆಲ್ಲ ಶಪಿಸುವ ಪಂಗಡಕ್ಕೆ ನಾನು ಸೇರಿದವನಲ್ಲ. ಒರಳುಕಲ್ಲಿನ ಮುಂದೆ ಬೆನ್ನು ಬಗ್ಗಿಸಿ ಕುಳಿತ ತಾಯಿಯನ್ನು ನೋಡಿ ಬೆಳೆದವನು ಮಿಕ್ಸಿಯನ್ನು ಬೈಯಲಾರ. ಆದುದರಿಂದ ಮುಂದೆ ಹೇಳುವುದನ್ನು ಮುದುಕನ ಗೊಣಗಾಟವೆಂದು ವಾಚಕರು ಪುಟ ಮಗುಚಬಾರದೆಂದು ಬೇಡುತ್ತೇನೆ. ನನ್ನ ವಾದ ಎರಡೇ ಮಾತಿನದು. ಮನುಷ್ಯ ಕುಳಿತಿರುವ ಗಾಡಿಯ ಬಾಗಿಲು, ವಿದ್ಯುತ್ತು ಇರಲಿ ಇಲ್ಲದಿರಲಿ, ಒಳಗಿನಿಂದ ತೆರೆಯಬೇಕು. ಅದರ ಬ್ಯಾಟರಿಯನ್ನು ಕೆಲಸ ಬಲ್ಲ ಯಾವ ಕೈಯಾದರೂ ಬದಲಿಸುವಂತಿರಬೇಕು. ಇವೆರಡನ್ನೂ ಕೊಡಲಾರದ ಗಾಡಿ ಎಷ್ಟು ಲಕ್ಷದ್ದಾದರೂ ಅರ್ಧ ಗಾಡಿಯೇ ಸರಿ.

ಕಳೆದ ಬೇಸಿಗೆಯಲ್ಲಿ ಅಕ್ಕ, ಅಕ್ಕನ ಮಗ, ನಾನು ಮೂವರೂ ಸೊರಬದ ಕಡೆ ಹೋಗಿದ್ದೆವು. ಆನವಟ್ಟಿಯ ಸಮೀಪದ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವಿದೆ. ಸುಮಾರು 900 ವರ್ಷ ಹಳೆಯದು; ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಕಾಲದ ಹೊಯ್ಸಳರದೆಂದು ಹೇಳುತ್ತಾರೆ. ಸಾಲುಗಂಬಗಳ ವಿಶಾಲವಾದ ತೆರೆದ ಮಂಟಪ, ಒಳಗೆ ತಣ್ಣನೆಯ ನೆರಳು. ಅದನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಅಳಿಯನ ಆಸೆ ಬೇರೆ. ಹೊಸದಾಗಿ ಕೊಂಡ ತನ್ನ ಗಾಡಿಯನ್ನು ಮಲೆನಾಡಿನ ಮಣ್ಣುರಸ್ತೆಯಲ್ಲಿ ಓಡಿಸುವುದು. ಕೊಂಡದ್ದು ಎರಡನೆಯ ಕೈಯಿಂದ. ಆದರೂ ಅದರ ಬೆಲೆಗೆ ನಮ್ಮ ಕಡೆ ಒಂದು ಒಳ್ಳೆಯ ಮನೆ ಬರುತ್ತಿತ್ತು. ಹಳ್ಳ ದಾಟುತ್ತದೆ, ಗುಡ್ಡ ಹತ್ತುತ್ತದೆ, ಚಾವಿಯನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ತಾನಾಗಿ ಬೀಗ ಹಾಕಿಕೊಳ್ಳುತ್ತದೆ ಎಂದು ದಾರಿಯುದ್ದಕ್ಕೂ ವರ್ಣಿಸಿದ.

ಬುತ್ತಿಯೂಟವನ್ನು ಗಾಡಿಯಲ್ಲೇ ಮುಗಿಸಿದೆವು. ಎಂಜಿನ್ ನಿಲ್ಲಿಸಿ, ಫ್ಯಾನನ್ನೂ ಹಾಡನ್ನೂ ಗಂಟೆಯ ಮೇಲೆ ನಡೆಸಿದ್ದೆವು. ಅಕ್ಕನಿಗೆ 76 ವರ್ಷ, ಮಂಡಿನೋವು. “ನೀವು ನೋಡಿಕೊಂಡು ಬನ್ನಿ, ನಾನು ಇಲ್ಲೇ ಕಣ್ಣು ಮುಚ್ಚಿರುತ್ತೇನೆ” ಎಂದು ಹಿಂದಿನ ಸೀಟಿಗೆ ಒರಗಿದಳು. ಬಾಗಿಲು ಹಾಕಿ ನಡೆದೆವು. ಗಾಡಿ ತನ್ನ ಕರ್ತವ್ಯವನ್ನು ಮಾಡಿತು.

ಮುಕ್ಕಾಲು ಗಂಟೆಯ ಮೇಲೆ ಬಂದು ನೋಡಿದರೆ ಅಕ್ಕ ಗಾಜನ್ನು ಬಡಿಯುತ್ತಿದ್ದಾಳೆ. ಮುಖ ಕೆಂಪಾಗಿದೆ, ಸೆರಗು ಬೆವರಿನಿಂದ ಒದ್ದೆಯಾಗಿದೆ. ನೆರಳು ಸರಿದು ಗಾಡಿ ಪೂರಾ ಬಿಸಿಲಿಗೆ ಬಿದ್ದಿತ್ತು. ಅಳಿಯ ಚಾವಿಯ ಗುಂಡಿ ಒತ್ತಿದ, ಗಾಡಿ ಮಿಸುಕಲಿಲ್ಲ. ಬೀಗ ಹಾಕುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿತ್ತು, ತೆಗೆಯುವಷ್ಟು ಉಳಿದಿರಲಿಲ್ಲ. ಒಳಗಿನ ಹಿಡಿ ಎಳೆದರೆ ತೆರೆಯಬೇಕಲ್ಲವೆ? ತೆರೆಯದು. ಮೊಮ್ಮಗ ಓಡುವ ಗಾಡಿಯಿಂದ ಬಿದ್ದಾನೆಂದು ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗ ಹಾಕಿಟ್ಟಿದ್ದರು. ಗಾಜು ಇಳಿಸುವುದಕ್ಕೂ ವಿದ್ಯುತ್ತೇ ಬೇಕು. ಬ್ಯಾಟರಿಯನ್ನು ಮುಟ್ಟೋಣವೆಂದರೆ ಅದು ಬಾನೆಟ್ಟಿನ ಕೆಳಗೆ. ಬಾನೆಟ್ಟನ್ನು ಬಿಡಿಸುವ ಹಿಡಿ ಬೀಗ ಬಿದ್ದ ಬಾಗಿಲಿನ ಒಳಗೆ!

ಅಳಿಯ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಕುಬಟೂರು ಎಂಬ ಹೆಸರನ್ನು ಮೂರು ಸಲ ಅಕ್ಷರ ಬಿಡಿಸಿ ಹೇಳಿದ್ದಾಯಿತು. ನೆರವು ಬರಲು ನಾಲ್ಕೈದು ಗಂಟೆ ಹಿಡಿಯಬಹುದು, ಅಲ್ಲಿಯವರೆಗೆ ಗಾಜು ಒಡೆಯಬೇಡಿ, ಒಡೆದರೆ ಖರ್ಚು ನಿಮ್ಮದು ಎಂದಿತು ಆ ಕಡೆಯ ಸವಿನುಡಿ. ಬಿಸಿಲಲ್ಲಿ ಮುಚ್ಚಿ ನಿಂತ ಗಾಡಿಯ ಒಳಗಿನ ಶಾಖ ಅರ್ಧ ಗಂಟೆಯಲ್ಲೇ ಹೊರಗಿನದಕ್ಕಿಂತ 15–20 ಡಿಗ್ರಿ ಏರಬಲ್ಲದು. ನಾಲ್ಕೈದು ಗಂಟೆಯಂತೆ!

ನಾನು ಕಲ್ಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ಇಳಿದು ಬಂದ. “ಕಲ್ಲು ಬ್ಯಾಡ ತಡೀರಿ ಸಾರ್. ಇಂಥಾ ಚಾವಿ ಒಳಗ ಇನ್ನೊಂದು ಚಾವಿ ಇರ್ತೈತ್ರಿ” ಎಂದು ಅಳಿಯನ ಕೈಯಿಂದ ಅದನ್ನು ತೆಗೆದುಕೊಂಡು, ಒಂದು ಕಡೆ ಒತ್ತಿ, ಸಣ್ಣ ಉಕ್ಕಿನ ಚಾವಿಯನ್ನು ಎಳೆದ. ಡ್ರೈವರನ ಬಾಗಿಲಿನ ಹಿಡಿಯ ಮೇಲೆ ಅಂದಕ್ಕೆಂದು ಕೂಡಿಸಿದ್ದ ಮುಚ್ಚಳವನ್ನು ಚಾಕುವಿನ ಮೊನೆಯಿಂದ ಎಬ್ಬಿಸಿದ. ಅದರ ಕೆಳಗೆ, ನಮ್ಮಜ್ಜನ ಕಾಲದಲ್ಲಿದ್ದಂಥ ಬೀಗದ ತೂತು! ಬಾಗಿಲು ತೆರೆಯಿತು, ಗಾಳಿ ಆಡಿತು. ಬಾನೆಟ್ಟು ಎತ್ತಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ತಂತಿ ಕೂಡಿಸಿದ. ಹಿಂದಿನ ಬಾಗಿಲೂ ತೆರೆಯಿತು. “ನೀರು ಕುಡೀರಿ ಅಮ್ಮ” ಎಂದು ತನ್ನ ಬಾಟ್ಲಿಯನ್ನೇ ಕೊಟ್ಟ. ಹಣ ಕೊಡಹೋದರೆ ಮುಟ್ಟಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು. ಅಂಗಡಿಯವನು ಹತ್ತು ನಿಮಿಷದಲ್ಲಿ ಕೂಡಿಸಿ, “ನನ್ನ ಕೆಲಸ ಆಯ್ತು ಸಾರ್. ಇನ್ನು ಗಾಡಿ ಒಪ್ಪಬೇಕು” ಎಂದು ನಕ್ಕ. ಗಾಡಿ ಒಪ್ಪಲಿಲ್ಲ, ಪರದೆಯ ಮೇಲೆ ಎಚ್ಚರಿಕೆ ಆರಲಿಲ್ಲ. ಇಂಥ ಗಾಡಿಗಳಲ್ಲಿ ಬ್ಯಾಟರಿಯ ಋಣ ತುದಿಯಲ್ಲಿ ಒಂದು ಸೆನ್ಸರು ಕುಳಿತಿರುತ್ತದೆ. ಒಳಹೋದ, ಹೊರಬಂದ ವಿದ್ಯುತ್ತಿನ ಲೆಕ್ಕವನ್ನು ಶಾನುಭೋಗನಂತೆ ಬರೆದಿಟ್ಟು, ಬ್ಯಾಟರಿಗೆ ವಯಸ್ಸಾದಂತೆ ಚಾರ್ಜಿನ ಕ್ರಮವನ್ನು ಬದಲಿಸುತ್ತದೆ. ಹೊಸದು ಬಂದಿದೆಯೆಂದು ಕಂಪ್ಯೂಟರಿನಿಂದ ಅದಕ್ಕೆ ತಿಳಿಸಬೇಕು. ಇಲ್ಲವಾದರೆ ಹೊಸದನ್ನೂ ಮುದಿ ಬ್ಯಾಟರಿಯಂತೆಯೇ ನಡೆಸಿಕೊಳ್ಳುತ್ತದೆ. ಲೆಕ್ಕ ಇಡುವುದು ತಪ್ಪಲ್ಲ. ತಿಳಿಸುವ ಸಾಧನ ಊರಿನ ಅಂಗಡಿಯವನ ಕೈಯಲ್ಲಿ ಇಲ್ಲದಿರುವುದು ತಪ್ಪು. ಆ ಒಂದು ಮಾತನ್ನು ಗಾಡಿಯ ಕಿವಿಯಲ್ಲಿ ಉಸುರಲು ಅಳಿಯ ಬೆಂಗಳೂರಿನಲ್ಲಿ ಅರ್ಧ ದಿನ ಕಾದು, ಕೂಲಿ ತೆತ್ತು ಬಂದ.

ಎದುರು ವಾದವನ್ನು ಬಲ್ಲೆ. ತಾನಾಗಿ ಬೀಳುವ ಬೀಗ ಕಳ್ಳನನ್ನು ತಡೆಯುತ್ತದೆ, ಮಕ್ಕಳ ಬೀಗ ಮಗುವನ್ನು ಉಳಿಸುತ್ತದೆ ಎನ್ನುತ್ತಾರೆ. ಒಪ್ಪಿದೆ. ಆದರೆ ಕಳ್ಳನನ್ನು ಹೊರಗಿಡುವ ಬೀಗಕ್ಕೂ ಮುದುಕಿಯನ್ನು ಒಳಗೆ ಕೂಡಿಹಾಕುವ ಬೀಗಕ್ಕೂ ವ್ಯತ್ಯಾಸ ಬೇಡವೆ? ವಿದ್ಯುತ್ತು ಹೋದೊಡನೆ ಒಳಗಿನ ಹಿಡಿ ತಾನಾಗಿ ಬಿಡುಗಡೆಯಾಗುವಂತೆ ಮಾಡುವುದು, ಹಳ್ಳ ದಾಟುವ ಗಾಡಿಯನ್ನು ಕಟ್ಟಬಲ್ಲವರಿಗೆ ಅಸಾಧ್ಯವೆ? ಉಕ್ಕಿನ ಚಾವಿ ಇತ್ತಲ್ಲ, ಪುಸ್ತಕದಲ್ಲಿ ಬರೆದಿತ್ತಲ್ಲ ಎಂದೂ ಹೇಳಿಯಾರು. ಬರೆದಿತ್ತು, ನಿಜ. ಆ ಪುಸ್ತಕ ಇದ್ದುದು ಗಾಡಿಯೊಳಗಿನ ಖಾನೆಯಲ್ಲಿ, ಇಂಗ್ಲಿಷಿನಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿ ಇದು.

ಕಾಡುಮೇಡಿನ ಗಾಡಿಗಳ ಮೂಲಪುರುಷ ಜೀಪು. 1947ರಲ್ಲಿ ಮಹೀಂದ್ರದವರು ಅದನ್ನು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದರು. ಬಾಗಿಲಿಗೆ ಬದಲು ಕ್ಯಾನ್‌ವಾಸು, ರಿಪೇರಿಗೆ ಒಂದು ಸ್ಪ್ಯಾನರು. ಬ್ಯಾಟರಿ ಸತ್ತರೆ ನಾಲ್ವರು ನೂಕಿದರೆ ಹೊರಡುತ್ತಿತ್ತು. ಆ ಕಾಲ ಮರಳಲೆಂದು ನಾನು ಕೇಳುತ್ತಿಲ್ಲ. ಊರಿನಿಂದ ದೂರ ಹೋಗಲೆಂದೇ ಹುಟ್ಟಿದ ವಂಶದ ಗಾಡಿ, ಕಂಪನಿಯ ಕಾರ್ಖಾನೆಯಿಂದ ದೂರ ಹೋದರೆ ಅನಾಥವಾಗುವುದು ವಂಶಕ್ಕೇ ಅವಮಾನವೆನ್ನುತ್ತೇನೆ.

ಇದು ನನ್ನೊಬ್ಬನ ಹಟವೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನ ಮತದಾರರು 2012ರಲ್ಲೇ ಮೋಟಾರು ರಿಪೇರಿಯ ಹಕ್ಕಿಗೆ ಮತ ಹಾಕಿದರು. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ರಿಪೇರಿಯವರಿಗೆ ಸಿಗದಂತೆ ಮಾಡಿದ್ದಕ್ಕಾಗಿ ನಮ್ಮ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ವಿಷಯ ಮೇಲ್ಮನವಿಗಳ ಪಾಲಾಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆಂದು ಸಮಿತಿಯನ್ನು ನೇಮಿಸಿತು. ಅದರ ಪಟ್ಟಿಯಲ್ಲಿ ಮೋಟಾರು ವಾಹನಗಳೂ ಇದ್ದವು. ಸಮಿತಿಗಳು ಕೂಡುತ್ತಿರಲಿ. ಅಷ್ಟರೊಳಗೆ ಕೊಳ್ಳುವ ನಾವು ಬಾಯಿ ತೆರೆಯಬೇಕು. ಚರ್ಮದ ಸೀಟು, ಹಾಡಿನ ಪೆಟ್ಟಿಗೆ, ಪರದೆಯ ಅಗಲ ಎಲ್ಲವನ್ನೂ ವಿಚಾರಿಸುವ ನಾವು, ಕರೆಂಟು ಹೋದರೆ ಬಾಗಿಲು ಹೇಗೆ ತೆಗೆಯುವುದೆಂದು ಕೇಳುವುದಿಲ್ಲ. ಬ್ಯಾಟರಿಯನ್ನು ಆನವಟ್ಟಿಯಲ್ಲಿ ಹಾಕಿಸಿದರೆ ನಡೆಯುತ್ತದೆಯೇ ಎಂದು ಕೇಳುವುದಿಲ್ಲ. ಕೇಳಿದರೆ ತಾನೆ ಅವರು ಮಾಡಿಯಾರು!

ಅಕ್ಕ ಮಾತ್ರ ಕಲಿತಿದ್ದಾಳೆ. ಈಗ ಆ ಗಾಡಿ ಹತ್ತುವ ಮೊದಲು ಮಗನನ್ನು ತಡೆದು ನಿಲ್ಲಿಸಿ, “ಚಾವಿಯೊಳಗಿನ ಚಾವಿ ಎಲ್ಲೋ? ಮೊದಲು ಅದನ್ನು ನನ್ನ ಕೈಗೆ ಕೊಡು” ಎನ್ನುತ್ತಾಳೆ. ಅವನು ಕೊಡುತ್ತಾನೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೂರುತ್ತಾಳೆ, ಮುಂದಿನ ಸೀಟಿನಲ್ಲಿ.