ನಡಿಗೆಯೊಂದೇ ಸಾಕೇ?

ಆರೋಗ್ಯದ ಮಾತು ಬಂದಾಗಲೆಲ್ಲ ನಮಗೆ ಮೊದಲು ಸಿಗುವ ಸಲಹೆ, "ದಿನಾ ಸ್ವಲ್ಪ ವಾಕಿಂಗ್ ಮಾಡಿ" ಎಂಬುದು. ಸಲಹೆ ತಪ್ಪಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ, ಕೋಟೆ ಕೆರೆಯ ದಂಡೆಯ ಮೇಲೆ ಬೆಳ್ಳಂಬೆಳಿಗ್ಗೆ ಬೀಸುಹೆಜ್ಜೆ ಹಾಕುವವರನ್ನು ಕಂಡರೆ ಸಂತೋಷವೇ ಆಗುತ್ತದೆ. ಆದರೆ ಹೀಗೆ ತಿಂಗಳುಗಟ್ಟಲೆ ನಡೆದವರೇ, "ಏನು ಮಾಡಿದರೂ ಸುಸ್ತು ಹೋಗಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ" ಎನ್ನುವುದೂ ಉಂಟು. ಹಾಗಾದರೆ ಕೊರತೆ ಎಲ್ಲಿದೆ?

ಇದಕ್ಕೆ ಉತ್ತರ ಬೇಕಾದರೆ ಅದೇ ಜಿಲ್ಲೆಯ ಇನ್ನೊಂದು ತುದಿಗೆ ಹೋಗಬೇಕು. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆಗೆ ಸಾಗುವ ಗೋವಾ ರಸ್ತೆಯಲ್ಲಿ ಸಿಗುವ ಊರು ಕಣಕುಂಬಿ. ಖಾನಾಪುರ ತಾಲೂಕಿನ ಈ ಊರು ಸಮುದ್ರ ಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದೆ. ಮಲಪ್ರಭೆ ಹುಟ್ಟುವುದು ಇಲ್ಲೇ. ಜೂನ್‌ನಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಇಂತಹ ಘಟ್ಟದ ಊರಿನ ಹೆಣ್ಣುಮಗಳಿಗೆ ವಾಕಿಂಗ್ ಮಾಡು ಎಂದರೆ ನಕ್ಕಾಳು. ಏರು ಹತ್ತಿ ನೀರು ತರುವುದು, ಕಟ್ಟಿಗೆ ಹೊರೆ ಹೊರುವುದು, ಕೆಸರಿನಲ್ಲಿ ಬಗ್ಗಿ ಭತ್ತದ ನಾಟಿ ಮಾಡುವುದು, ಮನೆಗೆ ಬಂದು ಮತ್ತೆ ಒಲೆ ಮುಂದೆ ಕೂರುವುದು. ವ್ಯಾಯಾಮವೊಂದೇ ಆರೋಗ್ಯವಾಗಿದ್ದರೆ ಜಿಲ್ಲೆಯಲ್ಲೇ ಗಟ್ಟಿಮುಟ್ಟಾದವಳು ಅವಳೇ ಆಗಬೇಕಿತ್ತು. ಆದರೆ ನಲವತ್ತು ದಾಟುವ ಮೊದಲೇ ಸೊಂಟ ನೋವು, ಮಂಡಿ ನೋವು, ಏದುಸಿರು ಶುರುವಾಗುವುದು ಇಂತಹ ದುಡಿಮೆಯವರಲ್ಲೇ ಹೆಚ್ಚು.

ದುಡಿಮೆ ಬೇರೆ, ವ್ಯಾಯಾಮ ಬೇರೆ ಎಂಬುದನ್ನು ವೈದ್ಯ ವಿಜ್ಞಾನವೂ ಈಗ ಗುರುತಿಸಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನ ವೇಳೆಯಲ್ಲಿ ಮೈಯಾಡಿಸುವವರಲ್ಲಿ ಹೃದ್ರೋಗ ಕಡಿಮೆ ಕಂಡಿತು. ಹೊಟ್ಟೆಪಾಡಿಗಾಗಿ ದಿನವಿಡೀ ಭಾರದ ಕೆಲಸ ಮಾಡುವವರಲ್ಲಿ ಅದೇ ಹೃದ್ರೋಗ ಹೆಚ್ಚು ಕಂಡಿತು! ಕಾರಣ ಊಹಿಸುವುದು ಕಷ್ಟವಲ್ಲ. ಅರ್ಧ ಗಂಟೆ ನಡೆದವನು ಮನೆಗೆ ಬಂದು ಕುಳಿತುಕೊಳ್ಳುತ್ತಾನೆ. ಎಂಟು ಗಂಟೆ ಹೊರೆ ಹೊತ್ತವನಿಗೆ ನಡುವೆ ದಣಿವಾರಿಸಿಕೊಳ್ಳುವ ಅವಕಾಶವಿಲ್ಲ, ಮರುದಿನವೂ ಅದೇ ಹೊರೆ ಕಾದಿರುತ್ತದೆ. ಆದ್ದರಿಂದ "ಮನೆಗೆಲಸ ಮಾಡುತ್ತಾಳಲ್ಲ, ಅದೇ ಅವಳಿಗೆ ವ್ಯಾಯಾಮ" ಎಂದು ಮನೆಯ ಗಂಡಸರು ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ಅವಳಿಗೆ ಮೊದಲು ಬೇಕಾದದ್ದು ವಿಶ್ರಾಂತಿ.

ವಿಶ್ರಾಂತಿಯ ಜೊತೆಗೆ ರಕ್ತವೂ ಬೇಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಶೇಕಡ 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಹಳ್ಳಿಯವರಷ್ಟೇ ಅಲ್ಲ, ವ್ಯಾಕ್ಸಿನ್ ಡಿಪೋದಲ್ಲಿ ನಡೆದು ಸುಸ್ತಾದ ಸಹೋದರಿಯೂ ಇದರಲ್ಲಿ ಸೇರಿರಬಹುದು. ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ದೇಹದ ಮೂಲೆ ಮೂಲೆಗೆ ಆಮ್ಲಜನಕ ಒಯ್ಯುವುದೇ ಹಿಮೋಗ್ಲೋಬಿನ್. ಅದೇ ಇಲ್ಲದ ಮೈಯನ್ನು ಇನ್ನಷ್ಟು ನಡೆಸಿದರೆ ಎದೆ ಢವಢವ ಎನ್ನುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ತಿನ್ನುವ ಅಭ್ಯಾಸ ಇದಕ್ಕೆ ಒಂದು ಕಾರಣ. ಊಟದ ಬೆನ್ನಿಗೇ ಚಹಾ ಕುಡಿಯುವುದು ಇನ್ನೊಂದು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿಟ್ಟು, ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಅದೇ ಊಟದಿಂದ ಹೆಚ್ಚು ಲಾಭ. ಬರಿಗಾಲಿನಲ್ಲಿ ಕೆಸರು ತುಳಿಯುವವರಿಗೆ ಕೊಕ್ಕೆಹುಳದ ಕಾಟವೂ ಇದೆ. ಅಂಗಾಲಿನ ಚರ್ಮದ ಮೂಲಕ ಒಳಸೇರುವ ಈ ಹುಳ ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಇದಕ್ಕೆ ಚಪ್ಪಲಿ ಮತ್ತು ಜಂತುಹುಳದ ಮಾತ್ರೆಯೇ ಮದ್ದು, ವ್ಯಾಯಾಮವಲ್ಲ.

ಇನ್ನು ಅಡುಗೆಮನೆಯ ಹೊಗೆ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿಗೆ ಒಣಗುವುದಿಲ್ಲ, ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಚಳಿಗೆ, ಗಾಳಿಗೆ ಬಾಗಿಲು ಕಿಟಕಿ ಮುಚ್ಚಿರುತ್ತವೆ. ಜೀವನದಲ್ಲಿ ಬೀಡಿ ಮುಟ್ಟದ ಅಜ್ಜಿಗೆ ಬೀಡಿ ಸೇದುವವನ ಕೆಮ್ಮು ಬರುವುದು ಹೀಗೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಹಳ ಮನೆಗಳಿಗೆ ಗ್ಯಾಸ್ ಬಂದಿರುವುದು ನಿಜ. ಸಿಲಿಂಡರ್ ಖಾಲಿಯಾದಾಗ ಮತ್ತೆ ತುಂಬಿಸಲು ಕೈಯಲ್ಲಿ ಹಣವಿರಬೇಕು, ಅಷ್ಟೇ. ಹಣವಿಲ್ಲದ ತಿಂಗಳು ಗ್ಯಾಸ್ ಒಲೆ ಮೂಲೆಗೆ, ಕಟ್ಟಿಗೆ ಒಲೆ ಮುಂದಕ್ಕೆ.

ಪೇಟೆಯ ಕತೆ ಇದಕ್ಕೆ ತಿರುಗುಮುರುಗು. ಬೆಳಿಗ್ಗೆ ಅರ್ಧ ಗಂಟೆ ನಡೆದು, ಉಳಿದ ದಿನವನ್ನು ಕಚೇರಿಯ ಕುರ್ಚಿಯಲ್ಲಿ, ಅಂಗಡಿಯ ಗಲ್ಲೆಯ ಮುಂದೆ, ಆಮೇಲೆ ಟಿವಿ, ಮೊಬೈಲ್ ಮುಂದೆ ಕಳೆಯುವವರು ನಾವು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2016ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವವರು ಅದರ ಅಪಾಯ ಕಳೆದುಕೊಳ್ಳಲು ದಿನಾ 60ರಿಂದ 75 ನಿಮಿಷ ಚಟುವಟಿಕೆ ಮಾಡಬೇಕು. ನಡೆದು ಬಂದ ಖುಷಿಗೆ ಎರಡು ತುಂಡು ಕುಂದಾ ಬಾಯಿಗೆ ಹಾಕಿಕೊಳ್ಳುವವರೂ ಇದ್ದಾರೆ. ಬೆಳಗಾವಿಯ ಕುಂದಾ ಎದುರಿಗಿದ್ದರೆ ಬೇಡವೆನ್ನುವುದು ಕಷ್ಟವೇ, ಆದರೆ ನಡಿಗೆಯ ಲೆಕ್ಕ ಅಲ್ಲಿಗೆ ಚುಕ್ತಾ!

ನಿದ್ರೆಯನ್ನಂತೂ ನಾವು ಆರೋಗ್ಯದ ಲೆಕ್ಕಕ್ಕೇ ಹಿಡಿಯುವುದಿಲ್ಲ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕು. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವ ತಾಯಿಗೆ ಐದು ಗಂಟೆ ಸಿಕ್ಕರೆ ಹೆಚ್ಚು. ಅದರ ಮೇಲೆ ಸಾಲದ ಚಿಂತೆ, ದುಡಿಯಲು ಗೋವಾಕ್ಕೋ ಗಲ್ಫ್‌ಗೋ ಹೋದ ಗಂಡನ ಅಥವಾ ಮಗನ ಚಿಂತೆ. ಚಿಂತೆಯ ಮಾತನ್ನು ಯಾರ ಮುಂದೆ ಆಡುವುದು? ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದನ್ನು ಸೋಮಾರಿತನ ಎನ್ನಬಾರದು, ಅದೂ ಕಾಯಿಲೆಯೇ. ಅಕ್ಟೋಬರ್ 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆರೋಗ್ಯವೆಂದರೆ ಬರೀ ರೋಗವಿಲ್ಲದಿರುವುದಲ್ಲ, ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಕ್ಷೇಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಿಂದಲೇ ಹೇಳುತ್ತಿದೆ. ಈ 'ಸಾಮಾಜಿಕ' ಎಂಬ ಪದದ ಅರ್ಥ ಖಾನಾಪುರದ ಕಾಡಂಚಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಭೀಮಗಡ ಅರಣ್ಯದೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ರಸ್ತೆಯವರೆಗೆ ತಂದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಹೆರಿಗೆ ನೋವು ಬಂದವಳಿಗೆ, ಎದೆನೋವು ಬಂದವನಿಗೆ ರಸ್ತೆ ಮತ್ತು ಆಂಬ್ಯುಲೆನ್ಸ್ ಕೂಡ ಔಷಧಿಯೇ. ಇದನ್ನು ಒಬ್ಬೊಬ್ಬರೇ ಸರಿಪಡಿಸಲಾಗದು, ಪಂಚಾಯತಿಯಲ್ಲಿ ಕೇಳಬೇಕು.

ಮನೆಯಲ್ಲಿ ಆಗುವುದನ್ನು ಮನೆಯಲ್ಲೇ ಶುರು ಮಾಡಬಹುದು. ನಡಿಗೆ ನಿಲ್ಲಿಸಬೇಡಿ. ಆದರೆ ಸುಸ್ತಿರುವವರು ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಕಬ್ಬಿಣಾಂಶದ ಮಾತ್ರೆ ಬೇಕೆಂದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಖಾನಾಪುರದವರ ನಾಚಣಿ, ಅಂದರೆ ನಮ್ಮ ರಾಗಿ, ಎಲುಬಿಗೆ ಬೇಕಾದ ಸುಣ್ಣದ ಅಂಶ ಹೇರಳವಾಗಿರುವ ಧಾನ್ಯ. ಬಿಳಿ ಅಕ್ಕಿಯ ಮುಂದೆ ಅದನ್ನು ಬಡವರ ಊಟವೆಂದು ಮೂಲೆಗೆ ತಳ್ಳಬೇಡಿ. ಮನೆಯ ಗಂಡುಮಕ್ಕಳು ನೀರಿನ ಒಂದು ಕೊಡ, ಕಟ್ಟಿಗೆಯ ಒಂದು ಹೊರೆ ತಾವೇ ತಂದರೆ ಅವರಿಗೆ ವ್ಯಾಯಾಮವೂ ಆಯಿತು, ತಾಯಿಗೆ ಒಂದು ಗಂಟೆ ಹೆಚ್ಚು ನಿದ್ರೆಯೂ ಸಿಕ್ಕಿತು. ಗ್ಯಾಸ್ ತುಂಬಿಸಲು ಆಗದ ಮನೆಯವರು ಮೇ ತಿಂಗಳಲ್ಲೇ ಕಟ್ಟಿಗೆ ಒಣಗಿಸಿ ಒಳಗಿಟ್ಟುಕೊಳ್ಳಲಿ, ಒಲೆಯ ಮೇಲಿನ ನಾಲ್ಕು ಹೆಂಚು ಸರಿಸಿ ಹೊಗೆ ಹೊರಹೋಗಲು ದಾರಿ ಮಾಡಲಿ.